ಸ್ಟೇರಿಂಗೋ, ಮೂಗುದಾರವೋ

ಹೆವಿ ಲೈಸೆನ್ಸು ಕೈಗೆ ಬಂದರೆ ಬೇರೆಯವರಿಗೆ ಕೆಲಸ ಸಿಗುತ್ತದೆ, ನನಗೆ ಮಾತ್ರ ದಿನಕ್ಕೊಂದು ಪ್ರಸಂಗ ಸಿಗುತ್ತದೆ. ಒಂದನ್ನು ಹೇಳಿ ಮುಗಿಸಿ ಟೀ ಲೋಟ ಕೆಳಗಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಇದರಲ್ಲಿ ನನ್ನ ಕೈಚಳಕದ ಕೊರತೆ ಏನೂ ಇಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಂಡವಪುರದಿಂದ ವಸಿ ಒಳಕ್ಕಿರುವ ನಮ್ಮೂರಲ್ಲಿ ನನ್ನ ಹಂಗೆ ಗಾಡಿ ಓಡಿಸೋನು ಇನ್ನೊಬ್ಬನಿಲ್ಲ. ಕ್ಲಚ್ಚಿಗೆ ಕಾಲು ಎಟುಕುವ ಮುಂಚೆಯೇ ಟ್ರಾಕ್ಟರು ಹತ್ತಿದವನು ನಾನು. ಕಬ್ಬಿನ ಲೋಡು ತುಂಬಿದ ಟ್ರೈಲರನ್ನು ಗದ್ದೆ ಬದುವಿನ ಮೇಲೆ ರಿವರ್ಸ್ ತಗೊಂಡರೆ, ಬದುವಿನ ಏಡಿ ಕೂಡ ಪಕ್ಕಕ್ಕೆ ಸರಿಯದೆ ಆರಾಮಾಗಿ ಕೂತಿರುತ್ತಿತ್ತು.

ಅಪ್ಪನಿಗೆ ಮಾತ್ರ ಇದು ನಾಟಲಿಲ್ಲ. ಒಬ್ಬನೇ ಮಗ ಮನೇಲಿದ್ದು, ಸೀಮೆಹಸು ಕಟ್ಟಿ, ಡೈರಿಗೆ ಹಾಲು ಹಾಕಬೇಕು ಅನ್ನೋದು ಅವರ ಆಸೆ. ನಾಗಮಂಗಲದ ಕಡೆ ಹೋಗಿ ಒಂದು ಜೋಡಿ ಹಸು ನೋಡಿಕೊಂಡೂ ಬಂದುಬಿಟ್ಟಿದ್ದರು. ಬಂದವರೇ ಜಗಲಿ ಮೇಲೆ ಕೂತು ತೀರ್ಪು ಕೊಟ್ಟರು: "ನೋಡ್ಲಾ, ಆಷಾಢ ಉಟ್ಟೋದ್ರೊಳಗೆ ಇಲ್ಲೇ ಸುತ್ತಮುತ್ತ, ರಾತ್ರಿಗೆ ಮನೆಗ್ ಬಂದು ಉಣ್ಣೋವಂತ ಡ್ರೈವರ್ ಕೆಲ್ಸ ಸಿಕ್ತಾ, ಸ್ಟೇರಿಂಗ್ ಇಡ್ಕೊ. ಇಲ್ವಾ, ಮೂಗುದಾರ ಇಡ್ಕೊ."

ಹಸು ಕಂಡರೆ ನನಗೆ ದ್ವೇಷವೇನಿಲ್ಲ. ಆದರೆ ಅದಕ್ಕೆ ಬ್ರೇಕಿಲ್ಲ, ಗೇರಿಲ್ಲ, ಅದನ್ನು ನಾವು ಓಡಿಸೋದಲ್ಲ, ಅದು ನಮ್ಮನ್ನು ಓಡಿಸುತ್ತದೆ. "ನಾಲ್ಕು ತಾಲ್ಲೂಕಿನ ಓನರುಗಳು ನನಗೋಸ್ಕರ ಕಿತ್ತಾಡ್ತಾರೆ, ನೋಡ್ತಿರಪ್ಪ" ಅಂದು ಎದೆ ಉಬ್ಬಿಸಿಕೊಂಡು ಹೊರಟೆ.

೧. ಕುಂಕುಮದ ಲೈಸೆನ್ಸು

ಲೈಸೆನ್ಸು ಪೋಸ್ಟಿನಲ್ಲಿ ಬಂದ ದಿನ ಅವ್ವ ಅದನ್ನು ನನ್ನ ಕೈಗೆ ಕೊಡಲೇ ಇಲ್ಲ. ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಮಿಕ್ಸಿಯಾಗಲಿ, ಮೋಟಾರ್ ಪಂಪಾಗಲಿ, ಮೊದಲು ದೇವರ ಮುಂದೆ ಕೂತೆದ್ದೇ ಬರಬೇಕು. ಅವ್ವ ಲೈಸೆನ್ಸನ್ನು ದೇವರ ಪಟಕ್ಕೆ ಒರಗಿಸಿ, ಹೂ ಇಟ್ಟು, ಅರಿಶಿನ ಕಲಸಿ ನನ್ನ ಫೋಟೋದ ಎರಡು ಕೆನ್ನೆಗೂ ಹಚ್ಚಿ, ಹಣೆಗೆ ಸರಿಯಾಗಿ ಕಾಸಿನಗಲ ಕುಂಕುಮ ಇಟ್ಟಳು. ಒರೆಸಲು ಹೋದರೆ ಕೈ ಮೇಲೆ ಏಟು.

"ದೇವ್ರ ಕುಂಕುಮ ಒರೆಸ್ಬಾರ್ದು ಕಣ್ಲಾ. ಆಮೇಲೆ ಎಲ್ಲಾರಾ ಗುದ್ಕೊಂಡು ನನ್ನ ಅನ್ಬ್ಯಾಡ."

ಅದು ಹಾಗೇ ಒಣಗಿ ಕಾರ್ಡಿಗೆ ಕಚ್ಚಿಕೊಂಡಿತು. ಮಾರನೇ ದಿನ ಪಾಂಡವಪುರದಲ್ಲಿ ಒಂದು ಅಕ್ಕಿ ಮಿಲ್ಲಿನ ಓನರ್ ಹತ್ತಿರ ಹೋದೆ. ಮಿಲ್ಲಿನ ಮುಂದೆ ಎರಡು ಲಾರಿ ನಿಂತಿದ್ದವು. ಓನರು ತವುಡಿನ ಮೂಟೆ ಮೇಲೆ ಕೂತು ಹಲ್ಲಲ್ಲಿ ಕಡ್ಡಿ ಆಡಿಸುತ್ತಿದ್ದರು. ನಾನು ನನ್ನ ಟ್ರಾಕ್ಟರ್ ಸಾಹಸವನ್ನೆಲ್ಲ ವರ್ಣಿಸಿ, ಕೊನೆಗೆ ಲೈಸೆನ್ಸು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು.

"ಇದ್ಯಾರ್ದಪ್ಪ?"

"ನಂದೇ ಸಾ."

"ಸುಳ್ಳ್ ಯೋಳ್ಬ್ಯಾಡ. ಯಾರೋ ಎಣ್ಮಗಳದ್ದು ಎತ್ಕೊಂಡ್ ಬಂದಿದ್ದೀಯ."

"ಇಲ್ಲ ಸಾ, ಅದು ನಮ್ಮವ್ವ ಪೂಜೆ ಮಾಡಿ..."

ಅವರು ನನ್ನ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕಾರ್ಡನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. ಕೊನೆಗೆ ವಾಪಸು ಕೊಡುತ್ತಾ ಹೇಳಿದರು: "ನಿನ್ನ ನೋಡುದ್ರೆ ನಂಬ್ಕೆ ಬರಲ್ಲ ಕಣಪ್ಪ. ನಿಮ್ಮಕ್ಕನ ಮೊಖದಲ್ಲಿ ಲಕ್ಷಣ ಅದೆ. ನಾಳೆಯಿಂದ್ಲೇ ಬರಾಕ್ ಯೋಳು."

೨. ಅನುಭವ ಎಲ್ಲಿ ಸಿಗುತ್ತದೆ

ಅಲ್ಲಿಂದ ಬೆಲ್ಲದ ಮಂಡಿಯೊಂದಕ್ಕೆ ಹೋದೆ. ಈ ಸಲ ಫೋಟೋದ ಹಣೆಯ ಕುಂಕುಮವನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೇ ಲೈಸೆನ್ಸು ತೋರಿಸಿದೆ. ಮಂಡಿಯ ಯಜಮಾನರು ಅದನ್ನು ನೋಡಲೇ ಇಲ್ಲ.

"ಎಷ್ಟು ವರ್ಸ ಸರ್ವೀಸು?"

"ಲೈಸೆನ್ಸ್ ಈಗ ಬಂದದೆ ಸಾ, ಆದ್ರೆ ಕೈ ಹಳೇದು."

"ಅನುಭವ ಇಲ್ದೋರ್ ಕೈಗೆ ನಾವು ಗಾಡಿ ಕೊಡಲ್ಲ."

"ಗಾಡಿ ಕೊಡ್ದೆ ಇದ್ರೆ ಅನುಭವ ಎಲ್ಲಿಂದ ಬತ್ತದೆ ಸಾ?"

ಇಂಥ ಪ್ರಶ್ನೆ ಕೇಳಿ ಯಜಮಾನರ ಬಾಯಿ ಕಟ್ಟಿಹಾಕಿದೆ ಅಂತ ನಾನು ಮೀಸೆ ಮೇಲೆ ಕೈ ಇಟ್ಟೆ. ಅವರು ಒಂದು ಚೂರು ಬೆಲ್ಲ ಮುರಿದು ನನ್ನ ಕೈಗಿಟ್ಟು ತಣ್ಣಗೆ ಹೇಳಿದರು: "ಮೊದ್ಲು ಬ್ಯಾರೆಯೋರ ಗಾಡಿಗಳ್ನೆಲ್ಲ ಗುದ್ದಿ ಮುಗ್ಸ್ಕೊಂಡ್ ಬಾ ಮಗ. ಆಮೇಲೆ ನಂದ್ರಲ್ಲಿ ಕೂತ್ಕೊಳೀವಂತೆ."

೩. ಟಿಪ್ಪರು ಮತ್ತು ತವರು

ಶ್ರೀರಂಗಪಟ್ಟಣದ ಹೊರಗೆ ಎಂ-ಸ್ಯಾಂಡ್ ಹೊಡೆಯುವ ಒಬ್ಬ ಟಿಪ್ಪರ್ ಓನರ್ ಇದ್ದರು. ಡ್ರೈವರ್ ಬೇಕಾಗಿದ್ದಾನೆ ಅಂತ ಸುದ್ದಿ ಸಿಕ್ಕಿದ್ದೇ ಒತ್ತಾರೆ ಎದ್ದು ಬಸ್ಸು ಹತ್ತಿದೆ. ನಾನು ಹೋದಾಗ ಓನರು ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಎಲ್ಲಿಗೋ ಹೊರಡುವ ಗಡಿಬಿಡಿಯಲ್ಲಿದ್ದರು. ಮುಖ ನೋಡಿದರೆ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೊರಟವರ ಹಂಗಿತ್ತು.

"ಟೈಮಿಲ್ಲ ಕಣೋ. ಆ ಟಿಪ್ಪರ್ನ ರಿವರ್ಸ್ ತಗೊಂಡು ಶೆಡ್ಡಿನ ಬಾಗ್ಲು ಪಕ್ಕ ನಿಲ್ಸು. ನೋಡಿ ಯೋಳ್ತೀನಿ."

ಇಂಥ ಅವಕಾಶಕ್ಕೇ ಕಾಯುತ್ತಿದ್ದೆ. ಹತ್ತಿ ಕೂತವನು ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ, ಇನ್ನೊಂದು ಕೈಯಲ್ಲಿ ಕ್ರಾಪು ಸರಿಮಾಡಿಕೊಳ್ಳುತ್ತಾ, ಒಂದೇ ಏಟಿಗೆ ತಂದು ನಿಲ್ಲಿಸಿದೆ. ಪಕ್ಕ ಅಂದಿದ್ದರು, ನಾನು ಇನ್ನೂ ನಾಜೂಕಾಗಿ ಬಾಗಿಲಿಗೇ ಸರಿಯಾಗಿ ನಿಲ್ಲಿಸಿದೆ. ಓನರು ತಲೆದೂಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಕೆಲಸ ಗ್ಯಾರಂಟಿಯಾಗಿತ್ತು. ಆದರೆ ಬರೀ ರಿವರ್ಸ್ ತೋರಿಸಿ ಇಳಿಯುವುದು ನನ್ನ ಘನತೆಗೆ ಸರಿಯಲ್ಲ. ಟಿಪ್ಪರಿನ ಬಾಡಿ ಎತ್ತೋದೂ ಗೊತ್ತು ಅಂತ ತೋರಿಸೋಣ ಅಂದು ಲಿವರ್ ಎಳೆದೆ.

ಗಾಡಿ ಖಾಲಿ ಅಂದುಕೊಂಡಿದ್ದೆ. ಲೋಡಾದ ಗಾಡಿಯೂ ನನ್ನ ಕೈಗೆ ಹೂವಿನ ಹಂಗೆ ತಿರುಗಿದರೆ ಅದಕ್ಕೆ ನಾನೇನು ಮಾಡಲಿ? ಹಿಂದೆ 'ಜರ್ರ್' ಅಂತ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಶೆಡ್ಡಿನ ಬಾಗಿಲು ಮುಕ್ಕಾಲು ಭಾಗ ಮಾಯ. ಮರಳಿನ ಗುಡ್ಡದ ಆ ಕಡೆಯಿಂದ ಕಾರಿನ ಹಾರನ್ನು ಕೇಳಿಸತೊಡಗಿತು. ಓನರ ಕಾರು ಶೆಡ್ಡಿನ ಒಳಗಿತ್ತು. ಕಾರಿನ ಒಳಗೆ, ರೇಷ್ಮೆ ಸೀರೆ ಉಟ್ಟು, ಹಣ್ಣಿನ ಬುಟ್ಟಿ ತೊಡೆ ಮೇಲಿಟ್ಟುಕೊಂಡು, ಓನರ ಹೆಂಡತಿ ಆಗಲೇ ಕೂತಾಗಿತ್ತು. ತವರಲ್ಲಿ ಅವರ ತಂಗಿ ಮಗುವಿಗೆ ನಾಮಕರಣವಂತೆ.

ಹಾರನ್ನು ನಿಂತಿತು. ಗುಡ್ಡದ ಮೇಲಿನ ಸಂದಿಯಿಂದ ಆಯಮ್ಮನ ದನಿ ತೂರಿ ಬಂತು: "ನಮ್ಮವ್ವನ ಮನೆಗೆ ಬರಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯ್ಬುಟ್ಟು ಯೋಳ್ಬೇಕಿತ್ತು. ಇಂಗೆ ಜೀವಂತ ಊತ್ಹಾಕೋ ಅಗತ್ಯ ಇರ್ಲಿಲ್ಲ."

ಓನರು ಏನೇನೋ ಸಮಾಧಾನ ಹೇಳಿದರು. ನನ್ನ ಕೈಗೆ ಸಲಿಕೆ ಕೊಟ್ಟರು. ಡ್ರೈವರಾಗಲು ಹೋದವನು ಬಿಸಿಲಲ್ಲಿ ಮಧ್ಯಾಹ್ನದವರೆಗೆ ಮರಳು ಎಳೆದೆ. ದಾರಿ ಬಿಡಿಸುವಷ್ಟರಲ್ಲಿ ಅಲ್ಲಿ ತೊಟ್ಟಿಲಿಗೆ ಮಗು ಹಾಕಿ, ಹೆಸರಿಟ್ಟು, ಊಟವೂ ಮುಗಿದಿತ್ತು. ಕೈ ತೊಳೆದುಕೊಂಡು ಹೊರಟಾಗ ಓನರು ಗೇಟಿನ ತನಕ ಹಿಂದೆಯೇ ಬಂದರು. ಈಗ ಒದೆ ಬೀಳುತ್ತದೆ ಅಂದುಕೊಂಡೆ. ಅವರು ಹಿಂದೆ ಮುಂದೆ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದರು.

"ಕೆಲ್ಸ ಕೊಡಕ್ಕಾಗಲ್ಲ ಕಣೋ. ಆದ್ರೆ ಮುಂದಿನ ತಿಂಗ್ಳು ನಮ್ಮ ಬಾಮೈದನ ಗೃಹಪ್ರವೇಶ ಅದೆ. ಅವತ್ತೊಂದಿನ ಬತ್ತೀಯಾ?"

೪. ಕಿಟಕಿ ಸೀಟು

ಕೆ.ಆರ್. ಪೇಟೆಯ ಒಂದು ಖಾಸಗಿ ಶಾಲೆಯ ಬಸ್ ಡ್ರೈವರು ಮನೆದೇವರಿಗೆ ಅಂತ ರಜ ಹಾಕಿ ಹೋಗಿದ್ದ. ಬದಲಿಗೆ ನಾನು. ಚೆನ್ನಾಗಿ ಓಡಿಸಿದ ಅನ್ನಿಸಿಕೊಂಡರೆ ನನ್ನನ್ನೇ ಖಾಯಂ ಮಾಡುವ ಮಾತೂ ಇತ್ತು. ಅಪ್ಪನಿಗೆ ಫೋನ್ ಮಾಡಿ "ಹಸು ಬ್ಯಾಡ ಅಂತ ಯೋಳ್ಬುಡಿ" ಅಂದೆ. ಅಪ್ಪ "ಸಾಯಂಕಾಲ್ದವರ್ಗೂ ಕಾಯ್ತೀನಿ" ಅಂದರು.

ಮೊದಲನೇ ದಿನ. ಹಳ್ಳಿ ಹಳ್ಳಿ ಸುತ್ತಿ ಐಕ್ಳನ್ನು ಹತ್ತಿಸಿಕೊಂಡು ಬರಬೇಕು. ಎರಡನೇ ಹಳ್ಳಿಯಲ್ಲಿ ಒಬ್ಬ ಅಜ್ಜಿ ರಸ್ತೆ ನಡುವೆ ನಿಂತು ಕೈ ಅಡ್ಡ ಹಾಕಿದಳು. ನಮ್ಮ ಕಡೆ ಕೈ ಅಡ್ಡ ಹಾಕಿದ ಅಜ್ಜಿಯನ್ನು ಬಿಟ್ಟು ಹೋದ ಡ್ರೈವರು ಮತ್ತೆ ಆ ಊರಲ್ಲಿ ತಲೆ ಎತ್ತಿ ತಿರುಗಲಾರ.

"ಯಾವ ಕಡೀಕಪ್ಪ?"

"ಪ್ಯಾಟೆಗೆ ಅಜ್ಜಿ. ಇದು ಸ್ಕೂಲ್ ಬಸ್ಸು."

"ನಾನೇನು ಬ್ಯಾಡ ಅಂದ್ನಾ? ಓದೋ ಐಕ್ಳು ಓದ್ಕಳ್ಲಿ, ನಾನು ಮೂಲೇಲಿ ಕೂತ್ಕತೀನಿ."

ಅಜ್ಜಿ ಹತ್ತಿದಳು. ಅಜ್ಜಿ ಹತ್ತಿದ್ದನ್ನು ನೋಡಿ ಅವಳ ಓರಗಿತ್ತಿ ಹತ್ತಿದಳು. ಮುಂದಿನ ಊರಲ್ಲಿ ಬ್ಯಾಂಕಿಗೆ ಹೋಗುವ ತಾತ, ಕಣ್ಣು ತೋರಿಸಿಕೊಳ್ಳಲು ಹೊರಟ ದೊಡ್ಡಪ್ಪ, ಸೊಪ್ಪಿನ ಗಂಟು ಹೊತ್ತ ಅತ್ತೆ, ಮಗಳ ಮನೆಗೆ ಹುಂಜ ಹಿಡಿದುಕೊಂಡು ಹೊರಟ ಅಜ್ಜ. ಎಲ್ಲರೂ ನನ್ನನ್ನು ಹೊಗಳಿದರು. "ಆ ಹಳೇ ಡ್ರೈವರ್ಗೆ ಕೊಬ್ಬು, ಈ ಮಗ ಮನ್ಸಾ" ಅಂದರು. ಹೊಗಳಿಕೆ ಕಿವಿಗೆ ಬಿದ್ದಾಗ ಬ್ರೇಕಿನ ಮೇಲೆ ನನ್ನ ಕಾಲು ತಾನಾಗಿ ಹೋಗುತ್ತದೆ, ಅದು ನನ್ನ ಸ್ವಭಾವ. ಐಕ್ಳೆಲ್ಲ ಅಜ್ಜಿಯರ ತೊಡೆ ಮೇಲೆ ಕೂತು ಖುಷಿಯಾಗಿದ್ದವು. ಹುಂಜ ಪ್ರತಿ ತಿರುವಿನಲ್ಲೂ ಕೂಗುತ್ತಿತ್ತು. ನಾನು ಹಾರನ್ ಮುಟ್ಟುವ ಪ್ರಮೇಯವೇ ಬರಲಿಲ್ಲ.

ಶಾಲೆಯ ಗೇಟಿನಲ್ಲಿ ಹೆಡ್ ಮಿಸ್ಸು ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಬಾಗಿಲು ತೆಗೆದಾಗ ಮೊದಲು ಇಳಿದಿದ್ದು ಹುಂಜ. ಆಮೇಲೆ ತಾತ, ದೊಡ್ಡಪ್ಪ, ಸೊಪ್ಪು. ಐಕ್ಳು ಇಳಿಯುವ ಹೊತ್ತಿಗೆ ಹೆಡ್ ಮಿಸ್ಸಿನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಏನಪ್ಪಾ ಇದು?"

"ಪೋಷಕರು ಮಿಸ್" ಅಂದೆ.

"ಆ ಕೋಳಿ?"

ಅಷ್ಟರಲ್ಲಿ ನಮ್ಮ ಮೊದಲನೇ ಅಜ್ಜಿ ಸೆರಗು ಕೊಡವಿಕೊಂಡು ಇಳಿದು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಹೆಡ್ ಮಿಸ್ಸನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ನೀನೇ ಏನವ್ವಾ ಕಂಡಕ್ಟ್ರು? ಸಂತೆ ಮುಗ್ಸ್ಕೊಂಡು ಬತ್ತೀನಿ. ಸಾಯಂಕಾಲ ಒಂದ್ ಕಿಟ್ಕಿ ಸೀಟು ಇಡ್ದು ಮಡ್ಗಿರು."

ಸಾಯಂಕಾಲ ಬಸ್ಸು ಓಡಿಸಿದ್ದು ಬೇರೆ ಡ್ರೈವರು. ಅಪ್ಪ ಹೇಳಿದಂತೆ ಸಾಯಂಕಾಲದವರೆಗೆ ಕಾಯುವ ಅಗತ್ಯವೂ ಬೀಳಲಿಲ್ಲ.

೫. ಸಾಬರ ಚಾಯ್

ಮದುವೆ ಸೀಸನ್ ಮುಗಿಯುತ್ತಾ ಬಂದಿತ್ತು, ಆಷಾಢ ತಲೆಬಾಗಿಲಿಗೆ ಬಂದಿತ್ತು. ಅಪ್ಪ ಕೊಟ್ಟಿಗೆಗೆ ಹೊಸ ಗೂಟ ನೆಟ್ಟಿದ್ದರು. ಆಗ ಶ್ರೀರಂಗಪಟ್ಟಣದ ಶಾಮಿಯಾನದ ಸಾಬರ ಹತ್ತಿರ ಹೋದೆ. ನಾಲ್ಕು ತಾಲ್ಲೂಕಿನ ಮದುವೆ, ಮುಂಜಿ, ತಿಥಿ ಎಲ್ಲಕ್ಕೂ ಶಾಮಿಯಾನ, ಪಾತ್ರೆ, ಕುರ್ಚಿ ಅವರದೇ. ಬಿಳಿ ಗಡ್ಡದ ಮೃದು ಮನುಷ್ಯ.

"ಗಾಡಿ ಎಲ್ಲಾರೂ ಓಡಿಸ್ತಾರೆ ಬೇಟಾ. ನಂದು ಪಾತ್ರೆ ಸೊಟ್ಟ ಮಾಡ್ದೆ ಓಡ್ಸೋನು ಬೇಕು. ನಾನು ಪಕ್ಕ ಕೂತ್ಕೋತೀನಿ. ನೀನು ಓಡ್ಸು."

ಕೆ.ಆರ್.ಎಸ್.ನಲ್ಲಿ ಮಧ್ಯಾಹ್ನ ಒಂದು ಸೀಮಂತದ ಊಟ. ಕ್ಯಾಂಟರಿಗೆ ಪಾತ್ರೆ, ಕುರ್ಚಿ ತುಂಬಿದೆವು. ಶಾಮಿಯಾನ ನಾನೇ ಹೊತ್ತು ಹಾಕಿದೆ. ಕೆಂಪು ಹಳದಿ ಪಟ್ಟೆಯ ಬಟ್ಟೆ, ಒಂದು ಮೂಲೆ ಹರಿದಿದ್ದಕ್ಕೆ ದೊಡ್ಡ ನೀಲಿ ತೇಪೆ. "ಈ ತೇಪೆ ನೋಡುದ್ರೆ ಸಾಕು ಸಾಬ್ರೇ, ಎಲ್ಲಿದ್ರೂ ನಿಮ್ಮ ಶಾಮಿಯಾನ ಅಂತ ಗುರ್ತು ಇಡೀತೀನಿ" ಅಂದೆ. ಸಾಬರು "ಎಲ್ಲಾದಕ್ಕೂ ಅದೇ ನೀಲಿ ಬಟ್ಟೇನೇ ಬೇಟಾ" ಅಂತ ಏನೋ ಅನ್ನುತ್ತಿದ್ದರು. ನಾನು ಅಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಮಾಡಿದ್ದೆ.

ಹೊರಡುವ ಮುಂಚೆ ಸಾಬರು ಹೋಟೆಲಿನಿಂದ ಒಂದು ಲೋಟ ಚಾಯ್ ತರಿಸಿ, ಕಂಠಮಟ್ಟ ತುಂಬಿದ್ದ ಅದನ್ನು ಸ್ಟೇರಿಂಗಿನ ಮುಂದೆ ಇಟ್ಟರು.

"ಇದು ಪರೀಕ್ಷೆ. ಕೆ.ಆರ್.ಎಸ್. ಮುಟ್ಟೋ ತನಕ ಚಾಯ್ ಚೆಲ್ಲಬಾರ್ದು. ಚೆಲ್ತು ಅಂದ್ರೆ ಅಲ್ಲೇ ಇಳ್ಕೊಂಡ್ಬುಡು. ಸಮಝಾ?"

ನಾನು ನಕ್ಕೆ. ಆಮೇಲೆ ನಗಲಿಲ್ಲ. ನಮ್ಮ ರಸ್ತೆಯ ಹಂಪುಗಳನ್ನು ನೀವು ನೋಡಿದ್ದೀರಿ. ಒಂದೊಂದು ಹಂಪನ್ನೂ ಬಸುರಿ ಹೆಂಗಸು ಮೆಟ್ಟಿಲು ಇಳಿಯುವ ಹಂಗೆ ಇಳಿಸಿದೆ. ಗುಂಡಿ ಬಂದರೆ ನಿಲ್ಲಿಸಿ, ಯೋಚಿಸಿ, ಪಕ್ಕದಿಂದ ತೆವಳಿಸಿದೆ. ನನ್ನ ಕಣ್ಣು ರಸ್ತೆಯ ಮೇಲೆ ಅರ್ಧ, ಲೋಟದ ಮೇಲೆ ಅರ್ಧ. ಹಿಂದೆ ಬಸ್ಸು, ಕಾರು, ಮೈಸೂರಿನ ಪ್ರವಾಸಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದರು. ಹುಲ್ಲಿನ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಪೆಟ್ರೋಲ್ ಆಗೋಗದಾ?" ಅಂತ ಕನಿಕರದಿಂದ ಕೇಳಿದ. ಗಾಡಿ ತೊಟ್ಟಿಲಿನ ಹಂಗೆ ತೂಗುತ್ತಿದ್ದರಿಂದ ಸಾಬರಿಗೆ ಬೆಳಗೊಳ ಬರುವ ಮುಂಚೆಯೇ ನಿದ್ದೆ ಹತ್ತಿಬಿಟ್ಟಿತು.

ಕೆ.ಆರ್.ಎಸ್. ಬಂತು. ಒಂದು ಹನಿ ಚೆಲ್ಲಿರಲಿಲ್ಲ. ನಾನು ವಿಜಯೋತ್ಸಾಹದಿಂದ ಸಾಬರನ್ನು ಎಬ್ಬಿಸಿದೆ. ಅವರು ಕಣ್ಣು ಬಿಟ್ಟರು. ಎದುರಿಗೆ ಹುಣಿಸೆ ಮರದ ಕೆಳಗೆ ಜನ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇನ್ನು ಕೆಲವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಅಕ್ಕಪಕ್ಕದ ಮನೆಗಳ ಪಾತ್ರೆ ಇಸಕೊಂಡು ಅಡುಗೆಯನ್ನೂ ಮಾಡಿ ಮುಗಿಸಿದ್ದರು. ಮನೆಯ ಯಜಮಾನರು ಸೊಂಟಕ್ಕೆ ಕೈ ಇಟ್ಟುಕೊಂಡು ಕ್ಯಾಂಟರಿನ ಹತ್ತಿರ ಬಂದರು.

"ಬನ್ನಿ ಸಾಬ್ರೇ. ಶಾಮಿಯಾನ ಆಕೋದಿಕ್ಕೆ ಬಂದ್ರೋ, ಬಿಚ್ಚೋದಿಕ್ಕೆ ಬಂದ್ರೋ?"

ಸಾಬರು ಲೋಟ ಎತ್ತಿ, ತಣ್ಣಗಾದ ಚಾಯನ್ನು ಪೂರ್ತಿ ಕುಡಿದು, ಗಡ್ಡ ಒರೆಸಿಕೊಂಡು, ನನ್ನ ಹೆಗಲ ಮೇಲೆ ಕೈ ಇಟ್ಟರು.

"ಚಾಯ್ ಉಳೀತು ಬೇಟಾ. ಇಜ್ಜತ್ ಪೂರಾ ಚೆಲ್ಲೋಯ್ತು."

೬. ಎರಡೂಟದ ಬಸ್ಸು

ಆದರೂ ಸಾಬರು ದೊಡ್ಡ ಮನಸ್ಸಿನವರು. "ನಿನ್ನ ಕೈ ಪಾತ್ರೆಗಲ್ಲ, ಜನಕ್ಕೆ ಸರಿ" ಅಂದು ನಾಗಮಂಗಲದಲ್ಲಿ ಬಾಡಿಗೆ ಬಸ್ಸು ಇಟ್ಟಿರುವ ಒಬ್ಬ ಅಕ್ಕನಿಗೆ ಫೋನು ಮಾಡಿದರು. ಅಕ್ಕ ನಮ್ಮ ಗೌಡರ ಪೈಕಿಯೇ. ಗಂಡ ಹೋದಮೇಲೆ ಬಸ್ಸುಗಳನ್ನು ತಾನೇ ನೋಡಿಕೊಳ್ಳುವ ಗಟ್ಟಿಗಿತ್ತಿ. ನನ್ನನ್ನು ತೆಂಗಿನಕಾಯಿ ಆರಿಸುವ ಹಂಗೆ ತಿರುಗಿಸಿ ನೋಡಿದಳು.

"ಭಾನುವಾರ ಒಂದು ಬೀಗ್ರೂಟದ ಟ್ರಿಪ್ ಅದೆ, ಈ ಸೀಸನ್ನಿಗೆ ಕಡೇದು. ಓಗ್ ಬಾ. ಒಬ್ರು, ಒಬ್ಬೇ ಒಬ್ರು ದೂರು ಯೋಳುದ್ರೂ ಸೀಟಿಲ್ಲ. ಯಾರೂ ಯೋಳ್ನಿಲ್ವಾ, ಬಸ್ಸು ನಿಂದು."

ಸೋಮವಾರ ಅಪ್ಪ ಹಸು ತರುವುದೆಂದು ಆಗಿತ್ತು. ಅಂದರೆ ನನ್ನ ಬಾಳು ಪೂರ್ತಿ ಆ ಭಾನುವಾರದ ಮೇಲೆ ನಿಂತಿತ್ತು.

ಹೆಣ್ಣಿನ ಊರು ನಾಗಮಂಗಲದ ಮಗ್ಗುಲಲ್ಲಿ, ಗಂಡಿನ ಊರು ಸಿಂಧಘಟ್ಟದ ಆಚೆ. ಮದುವೆ ಮುಗಿದು, ಹೆಣ್ಣನ್ನು ಕಳಿಸಿಕೊಟ್ಟು, ಈಗ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಾಡೂಟಕ್ಕೆ ಹೊರಟಿದ್ದರು. ಹೆಣ್ಣಿನ ಅಪ್ಪ ಅವ್ವ ಕಾರಲ್ಲಿ ಮುಂದೆ ಹೋಗಿದ್ದರು. ನನ್ನ ಬಸ್ಸಿನಲ್ಲಿದ್ದವರು ನೆಂಟರಿಷ್ಟರು, ಊರಿನವರು. ಅವರ ಮುಂದಾಳು ಪೇಟ ಸುತ್ತಿದ ಒಬ್ಬ ಗೌಡಪ್ಪ. ನನ್ನ ಹಿಂದೆಯೇ ಕೂತು, ಹಣ್ಣು ಹೂವಿನ ತಟ್ಟೆ ಮಡಿಲಲ್ಲಿಟ್ಟುಕೊಂಡಿದ್ದರು. ಎಲ್ಲರೂ ಒತ್ತಾರೆಯಿಂದ ಏನೂ ತಿಂದಿರಲಿಲ್ಲ. ಬೀಗರೂಟಕ್ಕೆ ಹೋಗುವವರು ತಿಂಡಿ ತಿನ್ನುವ ಪದ್ಧತಿ ನಮ್ಮಲ್ಲಿಲ್ಲ.

"ಡ್ರೈವರಣ್ಣ, ದಾರಿ ಗೊತ್ತಾ?" ಗೌಡಪ್ಪ ಕೇಳಿದರು. "ಕೆರೆ ಏರಿ ದಾಟುದ್ಮೇಲಂತೆ. ಸೀರಂಗಪಟ್ಣದ ಸಾಬ್ರ ಶಾಮಿಯಾನ ಆಕವ್ರಂತೆ. ಯಾರ್ನಾರಾ ಕೇಳ್ಕೊಂಡ್ ಓಗು."

"ಕೇಳೋದಾ?" ನಾನು ನಕ್ಕೆ. "ನಾಲ್ಕು ತಾಲ್ಲೂಕು ನನ್ನ ಅಂಗೈಲವೆ ಗೌಡ್ರೆ. ಆ ಶಾಮಿಯಾನ ನಾನೇ ಹೊತ್ತಿರೋದು."

ಸಿಂಧಘಟ್ಟ ದಾಟಿ ವಸಿ ದೂರ ಹೋಗುವಷ್ಟರಲ್ಲಿ ಬಲಗಡೆ ಹೊಲದಲ್ಲಿ ಕಂಡೇಬಿಟ್ಟಿತು. ಕೆಂಪು ಹಳದಿ ಪಟ್ಟೆ, ಮೂಲೆಯಲ್ಲಿ ನೀಲಿ ತೇಪೆ. ಬಾಳೆಕಂಬ, ಮೈಕು, ಗಾಳಿಯಲ್ಲಿ ಮಸಾಲೆ ಅರೆದ ವಾಸನೆ. ಕೆರೆ ಏರಿ ಇನ್ನೂ ಬಂದಿರಲಿಲ್ಲ ಅನ್ನುವ ಸಣ್ಣ ವಿಷಯವನ್ನು ನಾನು ಗಮನಿಸಲಿಲ್ಲ. ನೀಲಿ ತೇಪೆ ಕಂಡಮೇಲೆ ಕೆರೆ ಯಾಕೆ? ಬಸ್ಸನ್ನು ಒಂದೇ ಸಲಕ್ಕೆ ತಿರುಗಿಸಿ ಶಾಮಿಯಾನದ ಮುಂದೆ ನಿಲ್ಲಿಸಿದೆ.

"ಬಂದ್ರು, ಬೀಗ್ರು ಬಂದ್ರು" ಅಂತ ಕೂಗಿಕೊಂಡು ಮನೆಯವರು ಓಡಿ ಬಂದರು. ಕಾಲಿಗೆ ನೀರು ಕೊಟ್ಟರು. ಗೌಡಪ್ಪ ಗಂಭೀರವಾಗಿ ಹಣ್ಣಿನ ತಟ್ಟೆ ಒಪ್ಪಿಸಿದರು, ಅವರು ಅಷ್ಟೇ ಗಂಭೀರವಾಗಿ ಕಣ್ಣಿಗೊತ್ತಿಕೊಂಡು ಇಸಕೊಂಡರು. ಕೂಡಲೇ ಎಲೆ ಹಾಕಿದರು. ಬಿಸಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಚಾಪ್ಸು, ಮೊಟ್ಟೆ. ಮೊದಲ ಪಂಕ್ತಿಯಲ್ಲೇ ನನಗೂ ಎಲೆ. ಆಮೇಲೆ ಯಾರಿಗೂ ಯಾರ ಮುಖವೂ ಕಾಣಲಿಲ್ಲ, ಎಲ್ಲರ ಮುಖ ಎಲೆಯ ಕಡೆಗಿತ್ತು. ಹೊಸ ಹೆಣ್ಣು ಎಲ್ಲರಿಗೂ ನಮಸ್ಕಾರ ಮಾಡಿಕೊಂಡು ಬಂದಳು. ನಮ್ಮ ಬಸ್ಸಿನ ಒಬ್ಬ ಅಜ್ಜಿ ಮೂಳೆ ಚೀಪುತ್ತಲೇ ಅವಳ ಕೆನ್ನೆ ಸವರಿದಳು.

"ಏನವ್ವಾ, ಗಂಡನ್ ಮನೆ ಸೇರಿ ನಾಕ್ ದಿನಕ್ಕೇ ಇಂಗ್ ಬದ್ಲಾಗ್ಬುಟ್ಟೆ? ಗುರ್ತೇ ಸಿಗಲ್ವಲ್ಲ. ಉದ್ದ ಬ್ಯಾರೆ ಆಗಿದ್ದೀಯ."

ಹೆಣ್ಣು ಪಾಪ, ಗಂಡನ ಕಡೆ ನೆಂಟರಿರಬೇಕು ಅಂದುಕೊಂಡಿತೋ ಏನೋ, ನಾಚಿಕೊಂಡು ನಕ್ಕಿತು.

ಎರಡನೇ ಮುದ್ದೆ ಇಕ್ಕುವ ಹೊತ್ತಿಗೆ ಶಾಮಿಯಾನದ ಮುಂದೆ ಇನ್ನೊಂದು ಬಸ್ಸು ಬಂದು ನಿಂತಿತು. ಅದರಿಂದ ಒಬ್ಬರು ಪೇಟದವರು, ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿದುಕೊಂಡು, ನಗುನಗುತ್ತಾ ಇಳಿದರು. ಕಾಲಿಗೆ ನೀರು ಕೊಡಲು ಯಾರೂ ಬರಲಿಲ್ಲ. ಎಲ್ಲರೂ ಕೈಯಲ್ಲಿದ್ದ ಸೌಟು ಹಿಡಿದಂತೆಯೇ ನಿಂತಿದ್ದರು. ಮನೆಯ ಯಜಮಾನರು ನಿಧಾನವಾಗಿ ನಮ್ಮ ಗೌಡಪ್ಪನ ಹತ್ತಿರ ಬಂದರು.

"ಯಜಮಾನ್ರೆ, ತಪ್ ತಿಳ್ಕೊಬ್ಯಾಡಿ. ತಾವು ಯಾರ ಪೈಕಿ?"

ಗೌಡಪ್ಪ ಹೆಣ್ಣಿನ ಅಪ್ಪನ ಹೆಸರು ಹೇಳಿದರು. ಯಜಮಾನರು ಆ ಹೆಸರನ್ನು ಕೇಳಿದವರೇ ಅಲ್ಲ. ನೀಲಿ ತೇಪೆಯ ಇನ್ನೊಂದು ಶಾಮಿಯಾನ ಕೆರೆ ಏರಿಯ ಆಚೆಗಿತ್ತು. ಗೌಡಪ್ಪನ ಬಾಯಲ್ಲಿದ್ದ ತುತ್ತು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ನನ್ನ ಕಣ್ಣ ಮುಂದೆ ಮಾತ್ರ ಅಪ್ಪ ಮೂಗುದಾರ ಹಿಡಿದು ನಿಂತಿದ್ದರು.

ಎಲ್ಲರೂ ಏಳಲು ಹೋದರು. ಆಗ ಯಜಮಾನರು ಎರಡೂ ಕೈ ಅಡ್ಡ ಹಿಡಿದರು. "ಕೂತ್ಕೊಳಿ, ಕೂತ್ಕೊಳಿ. ಎಲೆ ಮುಂದೆ ಕೂತೋರ್ನ ಎಬ್ಬುಸ್ದೋರು ಅನ್ನೋ ಮಾತು ನಮ್ಮನೆಗೆ ಬ್ಯಾಡ. ಲೇ, ಇವ್ರಿಗೆ ಇನ್ನೊಂದ್ ಸೌಟ್ ಆಕ್ರಲಾ. ಆ ಬೀಗ್ರಿಗೆ ಪಾನಕ ಕೊಟ್ಟು ಕೂರ್ಸಿ, ಇನ್ನೊಂದು ಮರಿ ಕುಯ್ರಿ." ನಾವು ಹೊರಡುವಾಗ, ಒಪ್ಪಿಸಿದ ತಟ್ಟೆ ವಾಪಸು ಕೊಡುವಂತಿಲ್ಲ ಅಂತ ತಮ್ಮದೇ ಒಂದು ಹಣ್ಣಿನ ತಟ್ಟೆ 'ತಗೊಂಡ್ ಓಗಿ' ಅಂತ ಗೌಡಪ್ಪನ ಕೈಗಿಟ್ಟರು.

ಬಸ್ಸು ಹತ್ತಿದ ಮೇಲೆ ಗೌಡಪ್ಪ ಬಾಗಿಲಲ್ಲಿ ನಿಂತು, ತೇಗು ತಡೆದುಕೊಂಡು ಅಪ್ಪಣೆ ಕೊಟ್ಟರು: "ಉಂಡ್ಬುಟ್ ಬಂದ್ವಿ ಅಂದ್ರೆ ಬೀಗ್ರು ಸತ್ತೋಗೋವರ್ಗೂ ಮಾತಾಡ್ಸಲ್ಲ. ಎಣ್ಣು ಅಲ್ಲಿ ಬಾಳ್ಬೇಕು. ಎಲ್ಲಾ ಅಸ್ಕೊಂಡಿರೋರ್ ತರ ಮೊಖ ಮಾಡ್ಕೊಳಿ."

ಕೆರೆ ಏರಿಯ ಆಚೆ ಹೆಣ್ಣಿನ ಅಪ್ಪ ರಸ್ತೆಯಲ್ಲೇ ಬೆವರುತ್ತಾ ನಿಂತಿದ್ದರು. ಮತ್ತೆ ಕಾಲಿಗೆ ನೀರು, ಮತ್ತೆ ತಟ್ಟೆ, ಮತ್ತೆ ಎಲೆ, ಮತ್ತೆ ಮುದ್ದೆ. "ಯಾಕೆ ನಿಧಾನ? ನಾಚ್ಕೊಬ್ಯಾಡಿ" ಅಂತ ಬೀಗರು ಎಲೆ ಎಲೆಗೂ ಬಂದು ಉಪಚಾರ ಮಾಡಿದರು. ಗೌಡಪ್ಪ ಕಣ್ಣು ಮುಚ್ಚಿಕೊಂಡು, ಕಷಾಯ ಕುಡಿಯುವವರ ಹಂಗೆ ಮಟನ್ ತಿಂದರು. ಆ ಅಜ್ಜಿ ಮಾತ್ರ ಈ ಸಲ ಸರಿಯಾದ ಹೆಣ್ಣಿನ ಕೆನ್ನೆ ಸವರಿ, "ನೀನೇ ವಾಸಿ ಕಣವ್ವ, ಆ ಹೆಣ್ಣಿಗಿಂತ" ಅಂದುಬಿಟ್ಟಳು. ಪುಣ್ಯಕ್ಕೆ ಯಾರೂ ಯಾವ ಹೆಣ್ಣು ಅಂತ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರಿಗೂ ಬಗ್ಗಲು ಆಗುತ್ತಿರಲಿಲ್ಲ. ಸಾಬರ ಚಾಯ್ ಲೋಟ ಮುಂದಿದೆ ಅಂದುಕೊಂಡು ಹಂಪುಗಳನ್ನು ಇಳಿಸಿದೆ, ಅಷ್ಟು ತುಂಬಿದ ಬಸ್ಸು ಅದು. ಊರಲ್ಲಿ ಇಳಿಯುವಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ. ಮುಗಿಯಿತು ಅಂದುಕೊಂಡೆ. ನಾಗಮಂಗಲಕ್ಕೆ ಬಂದು ಅಕ್ಕನ ಕೈಗೆ ಬಸ್ಸಿನ ಕೀ ಕೊಡುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಗೌಡಪ್ಪ. ಅಕ್ಕ ನನ್ನನ್ನೇ ನೋಡುತ್ತಾ ಸ್ಪೀಕರ್ ಒತ್ತಿದಳು.

"ಅಕ್ಕಯ್ಯ, ನಿಮ್ಮ ಆ ಹೊಸಾ ಡ್ರೈವರ್ ವಿಸ್ಯ."

"ಯೋಳಿ ಗೌಡ್ರೆ. ಏನ್ ಮಾಡುದ್ನಾ?"

ಆ ಕಡೆಯಿಂದ ಒಂದು ದೊಡ್ಡ ತೇಗು ಬಂತು. "ಇನ್ಮೇಲೆ ನಮ್ಮೂರಿಂದ ಯಾವ ಬೀಗ್ರೂಟಕ್ಕೋದ್ರೂ ಈ ಹುಡ್ಗನ್ನೇ ಕಳ್ಸಿ. ಪಕ್ಕದೂರೋರೂ ಈಗ್ಲೇ ಕೇಳ್ತಾವ್ರೆ."

ಅಕ್ಕ ಫೋನಿಟ್ಟು, "ಅಂತಾದ್ದು ಏನ್ಲಾ ಮಾಡ್ದೆ?" ಅಂದಳು. "ಹುಷಾರಾಗಿ ಓಡುಸ್ದೆ ಅಕ್ಕ" ಅಂದೆ. ಕೀ ನನ್ನ ಕೈಗೇ ವಾಪಸು ಬಂತು.

ಅಪ್ಪ ಸೋಮವಾರ ಹಸು ತಂದೇಬಿಟ್ಟರು. ಮೂಗುದಾರ ಈಗ ಅವರ ಕೈಯಲ್ಲೇ ಇದೆ.

ಆಷಾಢ, ಶ್ರಾವಣ ಎಲ್ಲ ಕಳೆದು ಮದುವೆಗಳು ಮತ್ತೆ ಶುರುವಾದಾಗ ಮೊದಲ ಬೀಗರೂಟದ ಟ್ರಿಪ್ಪು ಬಂತು. ಅದೇ ಊರು, ಅದೇ ಜನ, ನನ್ನ ಹಿಂದೆ ಅದೇ ಗೌಡಪ್ಪ. ಈ ಸಲ ನಾನು ಹಿಂದಿನ ದಿನವೇ ಬೈಕಿನಲ್ಲಿ ಹೋಗಿ, ಕೆರೆ, ತಿರುವು, ಹೊಲ ಎಲ್ಲ ಕಣ್ಣಾರೆ ನೋಡಿಕೊಂಡು ಬಂದಿದ್ದೆ. ಎಂಜಿನ್ ಸ್ಟಾರ್ಟ್ ಮಾಡಿ, ತಿರುಗಿ, ಎಲ್ಲರಿಗೂ ಕೇಳುವ ಹಂಗೆ ಹೇಳಿದೆ: "ಗೌಡ್ರೆ, ಈ ಸಲ ದಾರಿ ಪಕ್ಕಾ ಗೊತ್ತು."

ಗೌಡಪ್ಪ ಬೇಸರದಿಂದ ಪೇಟ ಸರಿಮಾಡಿಕೊಂಡು, ನನ್ನ ಹೆಗಲು ತಟ್ಟಿದರು.

"ಗೊತ್ತಿರೋ ದಾರಿ ಬ್ಯಾಡ ಕಣ್ ಮಗ. ಓದ್ ಸಲ ಓದಂಗೇ ಓಗು."